ಹೆಪ್ಪನ್ನು ಕರಗಿಸುವ ಕಿಣ್ವದ ನೆಲೆ

ಈಳಿಗೆ ತಾಗಿ ಬೆರಳು ಕೊಯ್ದರೆ ಕೆಲವು ನಿಮಿಷಗಳಲ್ಲಿ ರಕ್ತವು ಹೆಪ್ಪುಗಟ್ಟಿ ನಿಲ್ಲುತ್ತದೆ. ಫೈಬ್ರಿನ್ ಎಂಬ ಎಳೆಗಳು ಬಲೆ ನೆಯ್ದು ರಕ್ತಕಣಗಳನ್ನು ಹಿಡಿದಿಡುವುದೇ ಇದಕ್ಕೆ ಕಾರಣ. ಆದರೆ ಗಾಯ ಮಾಯ್ದ ಮೇಲೆ ಈ ಬಲೆಯನ್ನು ಬಿಚ್ಚುವವರಾರು? ಕಟ್ಟುವ ಶಕ್ತಿಯನ್ನಿತ್ತ ಪ್ರಕೃತಿಯು ಕರಗಿಸುವ ಶಕ್ತಿಯನ್ನೂ ನಮ್ಮ ದೇಹದಲ್ಲಿಯೇ ಇರಿಸಿದೆ.

ಯಕೃತ್ತಿನಲ್ಲಿ ತಯಾರಾಗುವ ಪ್ಲಾಸ್ಮಿನೋಜನ್ ಎಂಬ ಪ್ರೋಟೀನು ರಕ್ತದಲ್ಲಿ ನಿಷ್ಕ್ರಿಯವಾಗಿ ಹರಿಯುತ್ತಿರುತ್ತದೆ. ಅದನ್ನು ಎಚ್ಚರಿಸಿ ಪ್ಲಾಸ್ಮಿನ್ ಆಗಿ ಮಾರ್ಪಡಿಸಿದರೆ ಅದು ಫೈಬ್ರಿನ್ ಎಳೆಗಳನ್ನು ತುಂಡರಿಸುತ್ತದೆ. ಹೀಗೆ ಎಚ್ಚರಿಸುವ ವಸ್ತುವೊಂದು ಪ್ರಾಣಿಗಳ ಅಂಗಾಂಶಗಳಲ್ಲಿದೆಯೆಂದು ಡೆನ್ಮಾರ್ಕಿನ ಆಸ್ಟ್ರುಪ್ ಮತ್ತು ಪರ್ಮಿನ್ ಎಂಬವರು 1947ರಲ್ಲಿ ಪ್ರಕಟಿಸಿದರು. ಇದನ್ನು ಇಂದು ಟಿ.ಪಿ.ಎ. ಎಂದು ಕರೆಯುತ್ತಾರೆ.

ಈ ಕಿಣ್ವವು ಎಲ್ಲ ಅಂಗಗಳಲ್ಲಿಯೂ ಸಮನಾಗಿಲ್ಲ. ಗರ್ಭಕೋಶ, ಅಡ್ರಿನಲ್, ಥೈರಾಯಿಡ್ ಮತ್ತು ಪ್ರಾಸ್ಟೇಟ್ ಗ್ರಂಥಿಗಳು, ಶ್ವಾಸಕೋಶ ಇವುಗಳಲ್ಲಿ ಹೇರಳವಾಗಿದೆ, ಯಕೃತ್ತಿನಲ್ಲಿ ಅತ್ಯಲ್ಪ. ಅಂಗಾಂಶದೊಳಗೆ ಅದರ ಖಚಿತವಾದ ಸ್ಥಳ ಯಾವುದು? 1959ರಲ್ಲಿ ಟಾಡ್ ಎಂಬವರು ಸರಳವಾದ ಉಪಾಯವೊಂದನ್ನು ಮಾಡಿದರು. ಅಂಗಾಂಶದ ತೆಳುವಾದ ಪದರವನ್ನು ಫೈಬ್ರಿನ್ನಿನಿಂದ ಮುಚ್ಚಿಟ್ಟು, ಅದು ಎಲ್ಲೆಲ್ಲಿ ಕರಗಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕರಗಿದ್ದು ರಕ್ತನಾಳಗಳ, ಅದರಲ್ಲೂ ಅಭಿಧಮನಿಗಳ, ಒಳಮೈಯ ಸುತ್ತಲೇ! ರಕ್ತ ಹರಿಯುವ ಕಾಲುವೆಯ ಗೋಡೆಯೇ ಕಾಲುವೆಯನ್ನು ಶುಚಿಯಾಗಿಡುವ ಕಾವಲುಗಾರನೂ ಆಗಿದೆ. ಈ ಕಿಣ್ವವು ಫೈಬ್ರಿನ್ನಿಗೆ ಅಂಟಿಕೊಂಡಾಗಲೇ ಚುರುಕಾಗುವುದರಿಂದ ಹೆಪ್ಪಿರುವಲ್ಲಿಯೇ ಅದರ ಕೆಲಸ ಹೆಚ್ಚು.

1979ರಲ್ಲಿ ಮಾನವ ಗರ್ಭಕೋಶದ ಅಂಗಾಂಶದಿಂದ ಇದನ್ನು ಶುದ್ಧೀಕರಿಸಲಾಯಿತು. 1983ರಲ್ಲಿ ಇದರ ಜೀನನ್ನು ಪ್ರತ್ಯೇಕಿಸಿದ ಸುದ್ದಿ ಪ್ರಕಟವಾಯಿತು. ಬಳಿಕ ಜೀವಕೋಶಗಳನ್ನು ಬೆಳೆಸಿ ಕಿಣ್ವವನ್ನು ಔಷಧವಾಗಿ ತಯಾರಿಸಿದರು. ಅಮೆರಿಕದಲ್ಲಿ 1987ರಲ್ಲಿ ಹೃದಯಾಘಾತಕ್ಕೂ 1996ರಲ್ಲಿ ಪಾರ್ಶ್ವವಾಯುವಿಗೂ ಇದಕ್ಕೆ ಒಪ್ಪಿಗೆ ದೊರೆಯಿತು.

ವಾಚಕರು ನೆನಪಿಡಬೇಕಾದುದು ಇಲ್ಲಿದೆ. ಹೆಪ್ಪಿನಿಂದ ಮಿದುಳಿನ ನಾಳ ಮುಚ್ಚಿದಾಗ ಈ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬೇಗನೆ ಬಿದ್ದಷ್ಟೂ ಒಳ್ಳೆಯದು. ನಾಳ ಒಡೆದು ರಕ್ತ ಸೋರಿದ್ದರೆ ಇದೇ ಮದ್ದು ಪ್ರಾಣಕ್ಕೆ ಎರವಾಗುವುದು. ಆದುದರಿಂದಲೇ ಮೊದಲು ತಲೆಯ ಸ್ಕ್ಯಾನ್ ಅವಶ್ಯಕ. ಮನೆಯ ಹಿರಿಯರಿಗೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ಬೆಳಗಾಗಲೆಂದು ಕಾಯುತ್ತ ಕೂರಬಾರದು. ರೋಗಿಯು ಕೊನೆಯದಾಗಿ ಸರಿಯಾಗಿದ್ದ ಗಳಿಗೆಯನ್ನು ಬರೆದಿಟ್ಟುಕೊಂಡು, ಸ್ಕ್ಯಾನ್ ಇರುವ ಸಮೀಪದ ಆಸ್ಪತ್ರೆಗೆ ಹೊರಡಬೇಕು. ಆ ಆಸ್ಪತ್ರೆ ಗಡಿಯ ಈಚೆಗಿದೆಯೋ ಆಚೆಗಿದೆಯೋ ಎಂಬುದನ್ನು ಇಂದೇ ವಿಚಾರಿಸಿಡುವುದು ಜಾಣತನ.