ತೋಟಾ ಸಿಗದ ಕೋವಿ, ಬೇರೆ ಕೋವಿಯ ಹಿತ್ತಾಳೆ

ತೇಜಸ್ವಿಯವರ ‘ಬೆಳ್ಳಂದೂರಿನ ನರಭಕ್ಷಕ’, ‘ಜಾಲಹಳ್ಳಿಯ ಕುರ್ಕ’ ಓದಿ ಬೆಳೆದವರಿಗೆ ಕೆನೆತ್ ಆಂಡರ್ಸನ್ ಹೊಸಬರೇನಲ್ಲ. ಬೆಂಗಳೂರಿನ ಈ ಬೇಟೆಗಾರನ ಕೈಯಲ್ಲಿ ಇರುತ್ತಿದ್ದದ್ದು .405 ವಿಂಚೆಸ್ಟರ್ ರೈಫಲ್. ಹುಲಿ, ಚಿರತೆ, ಕಾಡು ಎಲ್ಲಾ ನೆನಪಿರುತ್ತೆ; ಆ ‘.405’ ಅನ್ನೋ ಸಂಖ್ಯೆಯನ್ನು ಮಾತ್ರ ಓದುವಾಗ ಸಲೀಸಾಗಿ ದಾಟಿಬಿಡ್ತೀವಿ. ಅದು ಗುಂಡಿನ ದಪ್ಪವನ್ನು ಇಂಚಿನ ಲೆಕ್ಕದಲ್ಲಿ ಸೂಚಿಸುವ ಹೆಸರು. ಆ ರೈಫಲ್‌ಗೆ ಅದೇ ಹೆಸರಿನ ತೋಟಾನೇ ಬೇಕು.

ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1895ರ ಮಾದರಿಯ ರೈಫಲ್‌ಗೆಂದು ವಿಂಚೆಸ್ಟರ್ ಕಂಪನಿ 1904ರಲ್ಲಿ ಈ ತೋಟಾವನ್ನು ಹೊರತಂದಿತು. ಗುಂಡಿನ ತೂಕ 300 ಗ್ರೇನ್, ಅಂದರೆ ಹತ್ತಿರಹತ್ತಿರ 19 ಗ್ರಾಂ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಶಿಕಾರಿಗೆ ಹೊರಟಾಗ ಇದನ್ನೇ ಹೊತ್ತೊಯ್ದಿದ್ದರು. ಆದರೆ 1930ರ ದಶಕದಲ್ಲಿ ರೈಫಲ್ ತಯಾರಿಕೆ ನಿಂತಿತು, ಆಮೇಲೆ ತೋಟಾ ತಯಾರಿಕೆಯೂ ನಿಂತಿತು. ಕೋವಿ ಗಟ್ಟಿಮುಟ್ಟಾಗಿದೆ, ತಿನ್ನಿಸೋಕೆ ಏನೂ ಇಲ್ಲ. ಚಾರ್ಜರ್ ಸಿಗದ ಹಳೇ ಫೋನಿನ ಕಥೆ.

ಅಮೆರಿಕದಲ್ಲಿ ಅಜ್ಜನ ಕಾಲದ ಇಂಥ ರೈಫಲ್ ಇಟ್ಟುಕೊಂಡವರು ತೋಟಾವನ್ನು ಮನೆಯಲ್ಲೇ ತಯಾರಿಸಿಕೊಳ್ಳೋಕೆ ಶುರು ಮಾಡಿದರು. ಅಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಅಪರಾಧ. ಇದನ್ನು ಕಥೆಯಾಗಿ ಓದಿ, ಸಾಕು.) ತೋಟಾದಲ್ಲಿ ಇರೋದು ನಾಲ್ಕೇ: ಕಿಡಿ ಹುಟ್ಟಿಸುವ ಪ್ರೈಮರ್, ಮದ್ದು, ಗುಂಡು, ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆ ಕೇಸ್. ಪ್ರೈಮರ್, ಮದ್ದು ಅಂಗಡಿಯಲ್ಲಿ ಸಿಗುತ್ತವೆ. ಗುಂಡನ್ನು ಸೀಸ ಕರಗಿಸಿ ಎರಕ ಹೊಯ್ಯಬಹುದು. ತೊಡಕಿರೋದು ಕೇಸ್‌ನಲ್ಲಿ.

ದಾರಿ ಒಂದೇ, ಬೇರೆ ರೈಫಲ್‌ನ ಕೇಸ್ ತಂದು ರೂಪ ಬದಲಿಸೋದು. ನೋಡಬೇಕಾದ್ದು ಮೊದಲು ಬುಡ. ಪಕ್ಕೆ, ಬಾಯಿ ಹೇಗಾದರೂ ತಿದ್ದಬಹುದು. ದಪ್ಪನೆಯ ಬುಡವನ್ನು ಪ್ರೆಸ್ಸಿಗೆ ಒತ್ತಿ ಬದಲಾಯಿಸೋಕಾಗಲ್ಲ. .30-40 ಕ್ರ್ಯಾಗ್ ಕೇಸ್‌ನ ಬುಡ ಚೆನ್ನಾಗಿ ಹೊಂದುತ್ತೆ, ಆದರೆ ಉದ್ದದಲ್ಲಿ ಸುಮಾರು 7 ಮಿ.ಮೀ. ಕಮ್ಮಿ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಇದ್ದರೆ ಸೇರಿಸೋದು ಎಲ್ಲಿಂದ? ಹಾಗಾಗಿ ಯುರೋಪಿನ 9.3x74ಆರ್ ಕೇಸ್ ನೆರವಿಗೆ ಬಂತು. ತುದಿಯಲ್ಲಿ 9 ಮಿ.ಮೀ.ನಷ್ಟು ಕೊಯ್ದು, ಬಾಯಿ ಅಗಲಿಸಿ, ಅಚ್ಚಿಗೆ ಒತ್ತಿದರೆ .405ರ ಆಕಾರ. ಬುಡದ ಅಂಚು ಮಾತ್ರ ತುಸು ಚಿಕ್ಕದಾಗಿ ಉಳಿಯುತ್ತೆ.

ಇಷ್ಟಕ್ಕೆ ಮುಗಿಯಲ್ಲ. ಹಿತ್ತಾಳೆಯನ್ನು ಒತ್ತಿದಷ್ಟೂ ಅದು ಬಿರುಸಾಗುತ್ತೆ. ಪಾತ್ರೆ ಬಡಿಯುವ ನಮ್ಮ ಕಂಚುಗಾರರನ್ನು ಕೇಳಿ, ನಡುನಡುವೆ ಕಾಯಿಸಿ ಹದಕ್ಕೆ ತರದೆ ಅವರು ಮುಂದಿನ ಪೆಟ್ಟು ಹಾಕಲ್ಲ. ಕಾಯಿಸದೆ ಬಿಟ್ಟರೆ ಒಳಗೆ ಉಳಿದ ಬಿಗಿತ ಎಂದಾದರೂ ಸೇಡು ತೀರಿಸಿಕೊಳ್ಳುತ್ತೆ. ಇದನ್ನು ಬ್ರಿಟಿಷರು ಕಲಿತದ್ದು ಇಂಡಿಯಾದಲ್ಲೇ. ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಮಳೆಗಾಲದಲ್ಲಿ ತಾವಾಗೇ ಬಿರುಕು ಬಿಡುತ್ತಿದ್ದವು. ಮಳೆಗಾಲದ ರೋಗ ಅಂತಲೇ ಎಣಿಸಿ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಿಟ್ಟರು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವದ ಗಾಳಿ, ಲೋಹದೊಳಗೆ ಉಳಿದ ಬಿಗಿತ, ಮೂರೂ ಸೇರಿದ್ದವು. ಕಾಯಿಸಿ ಬಿಗಿತ ಇಳಿಸಿದ್ದೇ ಮದ್ದಾಯಿತು.

ಮನೆಯಲ್ಲಿ ಮಾಡುವವರಿಗೂ ಅದೇ ಪಾಠ, ಆದರೆ ಅರ್ಧ ಮಾತ್ರ. ಬಾಯಿಯ ಕಡೆ ಕಾಯಿಸಬೇಕು, ಬುಡಕ್ಕೆ ಬಿಸಿ ತಾಗಲೇಬಾರದು. ಕೆಲವರು ಕೇಸನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಮೇಲ್ಭಾಗಕ್ಕಷ್ಟೇ ಉರಿ ಹಿಡಿಯುತ್ತಾರೆ. ಸಿಡಿಯುವಾಗ ಒತ್ತಡ ತಡೆಯೋದು ಬುಡ. ಅದು ಮೆತ್ತಗಾದರೆ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತೆ, ಹಿಂದೆ ಇರೋದು ಗುರಿ ಹಿಡಿದವರ ಮುಖ. ಈ ಹವ್ಯಾಸದಲ್ಲಿ ನನಗೆ ಭಯ ಹುಟ್ಟಿಸೋದು ಇದೊಂದು ಹಂತ. ಹೊರಗಿನಿಂದ ನೋಡಿದರೆ ಮೆತ್ತಗಾದ ಬುಡವೂ ಗಟ್ಟಿ ಬುಡವೂ ಒಂದೇ ಥರ ಮಿನುಗುತ್ತವೆ.

2000ರ ದಶಕದ ಆರಂಭದಲ್ಲಿ ಹಳೇ ಮಾದರಿಯ ರೈಫಲ್ ಮತ್ತೆ ಮಾರುಕಟ್ಟೆಗೆ ಬಂತು, ಹಾರ್ನಡಿ ಕಂಪನಿ .405 ತೋಟಾ ತಯಾರಿಸಿತು. ಕಾಯುತ್ತಿದ್ದವರು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಹೀಗೆ ತೋಟಾ ವಾಪಸ್ ಬಾರದ ಹಳೇ ರೈಫಲ್‌ಗಳು ಇನ್ನೂ ಎಷ್ಟೋ ಇವೆ. ಅವುಗಳ ಒಡೆಯರು ಈಗಲೂ ಕೊಯ್ದು, ಒತ್ತಿ, ಕಾಯಿಸುತ್ತಿದ್ದಾರೆ. ರೂಪ ಬದಲಿಸಿದ ಕೇಸ್‌ನ ಬುಡದಲ್ಲಿ ಅದರ ಹುಟ್ಟುಹೆಸರು ಹಾಗೇ ಕೆತ್ತಿಕೊಂಡಿರುತ್ತೆ. ತಮ್ಮ ನಂತರ ಆ ಡಬ್ಬಿ ಯಾರ ಕೈಗೆ ಸೇರುತ್ತೋ ಎಂದು, ಒಳಗಿರೋದು ನಿಜಕ್ಕೂ ಯಾವ ಕೋವಿಯದು ಅನ್ನೋದನ್ನು ಅವರು ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತಾರೆ.