ಗಣಕಯಂತ್ರದ ಮೈಕು ಮೂಕವಾದಾಗ



ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮಂಥವರಿಗೆ ಮನೆಯವರ ದನಿ ಕೇಳುವುದೆಂದರೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ದೂರವಾಣಿ ವಿನಿಮಯ ಕೇಂದ್ರವು 1882ರ ಜನವರಿಯಲ್ಲಿಯೇ ತೆರೆಯಿತಾದರೂ, ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಅದರಿಂದ ಬಹುಕಾಲ ಪ್ರಯೋಜನವಾಗಲಿಲ್ಲ. ಕಾಗದ ಮತ್ತು ಮನಿಯಾರ್ಡರುಗಳೇ ಅವರ ಪಾಲಿನ ಮಾತುಕತೆಯಾಗಿದ್ದುವು. ತರುವಾಯ ಟ್ರಂಕ್ ಕಾಲ್ ಬಂದಿತು, ಎಸ್.ಟಿ.ಡಿ. ಬೂತು ಬಂದಿತು. ಅಂತರಜಾಲದ ಮೂಲಕ ಮಾತನಾಡುವುದಕ್ಕೆ ನಮ್ಮ ದೇಶದಲ್ಲಿ 2002ರ ಏಪ್ರಿಲ್ 1ರಿಂದ ಅನುಮತಿ ದೊರೆಯಿತು. 2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ಲೋಕಲ್ ಗಾಡಿಗಳು ನಿಂತಮೇಲಂತೂ ಪಾಠ, ಕಚೇರಿಯ ಸಭೆ, ಕೆಲಸದ ಸಂದರ್ಶನ ಇವೆಲ್ಲ ಗಣಕಯಂತ್ರದ ಮುಂದೆ ನಡೆಯುವ ರೂಢಿ ಬಿದ್ದಿತು. ಆ ರೂಢಿ ಇನ್ನೂ ಹೋಗಿಲ್ಲ.

ನಮ್ಮ ವಾಚನಾಲಯಕ್ಕೆ ಬರುವ ತರುಣರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರು ಡೊಂಬಿವಲಿಯಿಂದ ಕೋಟೆ ಪ್ರದೇಶದ ಕಚೇರಿಯೊಂದಕ್ಕೆ ದಿನವೂ ಓಡಾಡುವ ಗುಮಾಸ್ತರು. ಹೆಚ್ಚಿನ ಸಂಬಳದ ಒಂದು ಕೆಲಸಕ್ಕೆ ಅವರಿಗೆ ಗಣಕಯಂತ್ರದ ಮೂಲಕ ಸಂದರ್ಶನವಿತ್ತು. ಆ ಕಡೆಯವರ ಮಾತು ಇವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇವರ ಮಾತು ಮಾತ್ರ ಅವರಿಗೆ ಕೇಳಲಿಲ್ಲ. ಹತ್ತು ನಿಮಿಷ ಕಾದು ಅವರು ಮುಗಿಸಿಬಿಟ್ಟರು. ಮರುದಿನ ಇವರು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊಸ ಮೈಕು ಕೊಂಡು ತಂದರು. ಅದೂ ಮಾತನಾಡಲಿಲ್ಲ! ಕೊನೆಗೆ ನಾವೆಲ್ಲ ಕೂಡಿ ನೋಡಿದರೆ, ಹಳೆಯ ಮೈಕು ಸರಿಯಾಗಿಯೇ ಇತ್ತು. ಯಂತ್ರದೊಳಗೆ ಅನುಮತಿಯ ಒಂದು ಗುಂಡಿ ಮುಚ್ಚಿತ್ತು, ಅಷ್ಟೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಹುಡುಕಿದ ಶ್ರಮ ಹೋಗಲಿ, ಕೈಗೆ ಬಂದ ಕೆಲಸ ತಪ್ಪಿತಲ್ಲ! ಇನ್ನೊಬ್ಬರಿಗೆ ಹಾಗಾಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಚೇರಿಯಲ್ಲಿ ಒಂದು ಕಡತ ಮುಂದೆ ಹೋಗದಿದ್ದರೆ ನಾವು ಏನು ಮಾಡುತ್ತೇವೆ? ಅದು ಯಾವ ಮೇಜಿನ ಮೇಲೆ ನಿಂತಿದೆಯೆಂದು ವಿಚಾರಿಸುತ್ತೇವೆ. ದನಿಯ ಸಂಗತಿಯೂ ಹಾಗೆಯೇ. ನಮ್ಮ ಬಾಯಿಯಿಂದ ಹೊರಟ ಮಾತು ಮೊದಲು ಮೈಕಿಗೆ, ಅಲ್ಲಿಂದ ತಂತಿಯ ಮೂಲಕ ಯಂತ್ರಕ್ಕೆ, ಯಂತ್ರದಿಂದ ಮಾತಿನ ತಂತ್ರಾಂಶಕ್ಕೆ, ಅಲ್ಲಿಂದ ಅಂತರಜಾಲಕ್ಕೆ ಹೋಗುತ್ತದೆ. ಎಲ್ಲಿ ನಿಂತಿತೆಂದು ತಿಳಿಯದೆ ಎಲ್ಲವನ್ನೂ ಕೆದಕುವುದರಿಂದ ತೊಂದರೆ ಹೆಚ್ಚುವುದೇ ಹೊರತು ಕಡಮೆಯಾಗದು.

ಆದುದರಿಂದ ಮೊಟ್ಟಮೊದಲು ದಾರಿಯನ್ನು ಎರಡು ಪಾಲು ಮಾಡತಕ್ಕದ್ದು. ವಿಂಡೋಸ್ ಯಂತ್ರಗಳಲ್ಲಿ ದನಿಯನ್ನು ಮುದ್ರಿಸಿಕೊಳ್ಳುವ ‘ಸೌಂಡ್ ರೆಕಾರ್ಡರ್’ ಎಂಬ ಸಣ್ಣ ತಂತ್ರಾಂಶವಿರುತ್ತದೆ. ಹಳೆಯವುಗಳಲ್ಲಿ ಅದರ ಹೆಸರು ‘ವಾಯ್ಸ್ ರೆಕಾರ್ಡರ್’. ಅದರಲ್ಲಿ ನಾಲ್ಕು ಮಾತು ಆಡಿ ಮರಳಿ ಕೇಳಿರಿ. ದನಿ ಕೇಳಿಸಿದರೆ ಮೈಕು, ತಂತಿ, ಯಂತ್ರ ಮೂರೂ ಕ್ಷೇಮ. ದೋಷವು ಮಾತಿನ ತಂತ್ರಾಂಶದಲ್ಲಿದೆ. ಕೇಳಿಸದಿದ್ದರೆ ದೋಷ ಈಚೆಗೇ ಇದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತೆಂದು ತಿಳಿಯಿರಿ.

ಮುದ್ರಿಸಿದ ದನಿ ಕೇಳಿಸಲಿಲ್ಲವೆನ್ನೋಣ. ಆಗ ಕಣ್ಣಿಗೆ ಕಾಣುವುದನ್ನು ಮೊದಲು ನೋಡಬೇಕು. ಕಿವಿಗೆ ಹಾಕುವ ಹೆಡ್‌ಫೋನಿನ ತಂತಿಯ ಮೇಲೆ ದನಿ ನಿಲ್ಲಿಸುವ ಗುಂಡಿಯಿರುವುದುಂಟು. ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿಯೂ ಮೈಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಕೀಲಿಯಿರುವುದುಂಟು. ಕೈತಗುಲಿ ಅದು ಒತ್ತಿಹೋಗಿರಬಹುದು. ಲ್ಯಾಪ್‌ಟಾಪಿನಲ್ಲಿ ಮೈಕು ಒಳಗೇ ಇರುತ್ತದೆ. ಮೇಜಿನ ಮೇಲಿಡುವ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಹೊರಗಿನ ಮೈಕನ್ನೇ ಜೋಡಿಸಬೇಕು. ಇಂಥ ಯಂತ್ರದ ಹಿಂದೆ ಸಣ್ಣ ತೂತುಗಳಿರುತ್ತವೆ: ಗುಲಾಬಿ ಬಣ್ಣದ್ದು ಮೈಕಿಗೆ, ಹಸುರು ಬಣ್ಣದ್ದು ಕಿವಿಗೆ. ಇವನ್ನು ಅದಲುಬದಲು ಮಾಡಿದವರು ನಮ್ಮಲ್ಲಿಯೇ ಇದ್ದಾರೆ.

ಮೊಬೈಲಿನ ಇಯರ್‌ಫೋನನ್ನು ದೊಡ್ಡ ಯಂತ್ರಕ್ಕೆ ಚುಚ್ಚಿ ಮೋಸಹೋಗುವುದೂ ಸಾಮಾನ್ಯ. ಅದರ ಮೊನೆಯನ್ನು ನೋಡಿರಿ. ಮೂರು ಕಪ್ಪು ಉಂಗುರಗಳಿದ್ದರೆ, ಕೇಳುವುದೂ ಆಡುವುದೂ ಒಂದೇ ಮೊನೆಯಲ್ಲಿವೆಯೆಂದು ಅರ್ಥ. ಅದು ಗುಲಾಬಿ ಹಸುರು ಎಂಬ ಎರಡು ತೂತಿನ ಯಂತ್ರದಲ್ಲಿ ನೇರವಾಗಿ ಕೆಲಸ ಮಾಡದು. ಒಂದನ್ನು ಎರಡಾಗಿ ಕವಲೊಡೆಯುವ ತುಂಡುತಂತಿಯೊಂದು ಬೇಕು. ಅದಕ್ಕೆ ತಗಲುವ ಹಣ ಹೊಸ ಮೈಕಿನಷ್ಟಲ್ಲ. ನಮ್ಮ ಮುಂಬಯಿಯ ಮಳೆಗಾಲದ ತೇವಕ್ಕೆ ಮೊನೆಯ ಮೇಲೆ ಕಿಲುಬು ಹಿಡಿಯುವುದೂ ಉಂಟು. ಒಣಬಟ್ಟೆಯಿಂದ ಒರಸಿ, ಗಟ್ಟಿಯಾಗಿ ಒತ್ತಿ ಕೂಡಿಸಿರಿ. ತಂತಿಯಿಲ್ಲದ ಬ್ಲೂಟೂತ್ ಸಾಧನವಾದರೆ, ಅದು ಪಕ್ಕದಲ್ಲಿರುವ ನಿಮ್ಮ ಮೊಬೈಲಿಗೇ ಅಂಟಿಕೊಂಡಿದೆಯೋ ಎಂದು ನೋಡಿರಿ.

ಹೊರಗೆಲ್ಲ ಸರಿಯಿದ್ದರೆ ಇನ್ನು ಯಂತ್ರದ ಒಳಗೆ ನೋಡಬೇಕು. ವಿಂಡೋಸಿನ ಈಚಿನ ಆವೃತ್ತಿಗಳಲ್ಲಿ ‘ಸೆಟ್ಟಿಂಗ್ಸ್’ ತೆರೆದು, ‘ಸಿಸ್ಟಮ್’, ಅದರಲ್ಲಿ ‘ಸೌಂಡ್’ ಎಂಬಲ್ಲಿಗೆ ಹೋಗಿರಿ. ‘ಇನ್‌ಪುಟ್’ ಎಂಬಲ್ಲಿ ಮೈಕುಗಳ ಹೆಸರು ಕಾಣುತ್ತದೆ. ಎರಡು ಮೂರು ಹೆಸರುಗಳಿದ್ದರೆ ಯಂತ್ರವು ಬೇರೊಂದನ್ನು ಹಿಡಿದು ಕುಳಿತಿರಬಹುದು. ನೀವು ಬಳಸುವುದನ್ನೇ ಆರಿಸಿರಿ. ಅಲ್ಲಿಯೇ ದನಿಯ ಮಟ್ಟವಿರುತ್ತದೆ, ಅದು ಸೊನ್ನೆಯಲ್ಲಿರಬಾರದು. ನೀವು ಮಾತನಾಡಿದಂತೆ ಅಲ್ಲಿನ ಪಟ್ಟಿ ಏರಿಳಿದರೆ ಮೈಕಿಗೆ ಜೀವವಿದೆ.

ತರುವಾಯ ಅನುಮತಿ. ಅದೇ ‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಮೈಕ್ರೊಫೋನ್’ ಎಂದಿದೆ. ಮೇಲಿನ ಗುಂಡಿ ಇಡಿಯ ಯಂತ್ರಕ್ಕೆ, ಕೆಳಗಿನವು ತಂತ್ರಾಂಶಗಳಿಗೆ. ‘ಡೆಸ್ಕ್‌ಟಾಪ್ ಆ್ಯಪ್ಸ್’ ಎಂಬುದಕ್ಕೆ ಬೇರೆಯೇ ಒಂದು ಗುಂಡಿಯಿದೆ. ಅದನ್ನು ಬಹು ಜನ ಮರೆಯುತ್ತಾರೆ. ನಮ್ಮ ತರುಣ ಮಿತ್ರರಿಗೆ ಕೆಲಸ ತಪ್ಪಿಸಿದ್ದು ಇದೇ. ಹಾಗೆಂದು ಈ ಬಾಗಿಲನ್ನು ದೂರಬೇಕಾಗಿಲ್ಲ. ನಾವು ಮನೆಯಲ್ಲಾಡುವ ಮಾತನ್ನು ಪರರು ಕದ್ದು ಕೇಳಬಾರದೆಂದೇ ಅದನ್ನು ಇಟ್ಟಿದ್ದಾರೆ. ಬೇಕಾದವರಿಗೆ ತೆರೆದು, ಬೇಡದವರಿಗೆ ಮುಚ್ಚಿಡುವುದು ಜಾಣತನ.

ಇನ್ನು, ಮುದ್ರಿಸಿದ ದನಿ ಚೆನ್ನಾಗಿ ಕೇಳಿಸಿತು, ಆದರೆ ಎದುರಿನವರಿಗೆ ಮಾತ್ರ ಕೇಳದು ಎನ್ನೋಣ. ಆಗಲೂ ಮೇಲೆ ಹೇಳಿದ ಅನುಮತಿಗಳನ್ನು ಒಮ್ಮೆ ನೋಡಿಬಿಡಿ. ಒಂದು ತಂತ್ರಾಂಶಕ್ಕೆ ಒಪ್ಪಿಗೆಯಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಮಾತಿನ ತಂತ್ರಾಂಶದೊಳಗೂ ಮೈಕನ್ನು ಆರಿಸುವ ಸ್ಥಳ ಪ್ರತ್ಯೇಕವಾಗಿ ಇರುತ್ತದೆ. ಯಂತ್ರದಲ್ಲಿ ಸರಿಪಡಿಸಿದ ಮಾತ್ರಕ್ಕೆ ಇಲ್ಲಿ ಸರಿಯಾಗದು. ಬ್ರೌಸರಿನಲ್ಲಿ ಮಾತನಾಡುವುದಾದರೆ ವಿಳಾಸದ ಎಡಗಡೆಯ ಸಣ್ಣ ಗುರುತನ್ನು ಒತ್ತಿ ಮೈಕಿಗೆ ಒಪ್ಪಿಗೆ ಕೊಡಬೇಕು. ಬೇರೊಂದು ತಂತ್ರಾಂಶ ಮೈಕನ್ನು ಹಿಡಿದುಕೊಂಡಿದ್ದರೆ ಅದನ್ನು ಮುಚ್ಚಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಪರೀಕ್ಷಿಸಿರಿ. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದು.

ಇಷ್ಟಾದರೂ ಆಗದಿದ್ದರೆ ಮಾತ್ರ ಮೈಕನ್ನು ಗೆಳೆಯರ ಯಂತ್ರಕ್ಕೆ ಜೋಡಿಸಿ ನೋಡಿರಿ. ಅಲ್ಲಿಯೂ ಮೂಕವಾಗಿದ್ದರೆ ಹೊಸದನ್ನು ಕೊಳ್ಳಲಡ್ಡಿಯಿಲ್ಲ.

ಒಂದು ಎಚ್ಚರಿಕೆ. ಗಾಬರಿಯಲ್ಲಿ ಅಂತರಜಾಲದಲ್ಲಿ ಸಿಕ್ಕಿದ ಯಾವುದೋ ‘ಸಹಾಯವಾಣಿ’ಗೆ ಕರೆಮಾಡಬೇಡಿ. ದೂರದಲ್ಲಿ ಕುಳಿತು ನಿಮ್ಮ ಯಂತ್ರವನ್ನು ನಡೆಸುತ್ತೇವೆಂದು ಹೇಳಿ, ಬ್ಯಾಂಕಿನ ಹಣವನ್ನೇ ಒಯ್ಯುವ ವಂಚಕರಿದ್ದಾರೆ. ಅಂಥದೇನಾದರೂ ನಡೆದರೆ ತಡಮಾಡದೆ 1930 ಎಂಬ ಸರಕಾರಿ ಸಂಖ್ಯೆಗೆ ತಿಳಿಸತಕ್ಕದ್ದು.

ಕೊನೆಯದಾಗಿ, ಸಂದರ್ಶನವಿರಲಿ, ಮಕ್ಕಳ ಪರೀಕ್ಷೆಯಿರಲಿ, ಹಿಂದಿನ ದಿನವೇ ಅದೇ ಯಂತ್ರ, ಅದೇ ಮೈಕು, ಅದೇ ತಂತ್ರಾಂಶದಲ್ಲಿ ಯಾರಾದರೂ ಸ್ನೇಹಿತರೊಡನೆ ಎರಡು ಮಾತು ಆಡಿ ನೋಡಿರಿ. ಗಾಡಿ ಹಿಡಿಯಲು ಹತ್ತು ನಿಮಿಷ ಮೊದಲೇ ನಿಲ್ದಾಣ ಸೇರುವ ನಮಗೆ ಇದು ಹೊಸ ಪಾಠವೇನೂ ಅಲ್ಲ. ಆ ತರುಣರು ಈಗ ಮತ್ತೊಂದು ಕಡೆಗೆ ಅರ್ಜಿ ಹಾಕಿದ್ದಾರೆ. ಈ ಸಲ ಹಿಂದಿನ ಸಂಜೆ ವಾಚನಾಲಯಕ್ಕೆ ಬಂದು ನಮ್ಮೊಡನೆ ಮಾತನಾಡಿ ಪರೀಕ್ಷಿಸುವುದಾಗಿ ಹೇಳಿದ್ದಾರೆ. ನೀವೂ ಬರಬಹುದು.