ಕೋಣೆಯೊಳಗಿನ ಮೊದಲ ಬೆಳೆ: ಲೈಟಿಗಿಂತ ಮೊದಲು ಬಾವಿ ನೀರು ಅಳೆಯಿರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ, ಹಾಸ್ಟೆಲ್ಲಲ್ಲೋ ಕೇಳ್ತಾ ಇರೋ ಎಲ್ಲರ ಜೊತೆ ಅಂಕೋಲಾ ತಾಲ್ಲೂಕಿನ ಶೆಟಗೇರಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಕೇಳ್ತಾ ಇರೋ ಸದ್ದು ಮಳೆದು. ಕಿಟಕಿ ಮುಚ್ಚಿದ್ರೂ ನಿಲ್ಲಲ್ಲ, ಹಾಗಾಗಿ ಅದರ ಜೊತೆಗೇ ಮಾತಾಡ್ತೀನಿ.

ಇವತ್ತಿನ ವಿಷಯ ಹೈಡ್ರೋಪೋನಿಕ್ಸ್. ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಲ್ಲಿ ಬೇರು ಇಳಿಸಿ ಗಿಡ ಬೆಳೆಸೋದು. ಅದರಲ್ಲೂ ಮನೆಯ ಒಂದು ಕೋಣೆಯೊಳಗೆ, ಲೈಟ್ ಹಾಕಿ, ಮೊದಲ ಸಲ ಮಾಡೋರಿಗೆ ಎಷ್ಟು ಖರ್ಚು ಬರುತ್ತೆ, ಯಾವುದಕ್ಕೆ ಬರುತ್ತೆ ಅನ್ನೋದು. ನಾನು ಎರಡು ಸಲ ಮಾಡಿದ್ದೀನಿ. ಒಂದು ಸಲ ಹಾಳು ಮಾಡ್ಕೊಂಡಿದ್ದೀನಿ. ಇನ್ನೊಬ್ಬ ಮಾಡೋಕೆ ಹೊರಟಿದ್ದ. ಅವನು ಹೊರಟಿದ್ದ ದಾರಿಯ ಕೊನೆಯಲ್ಲಿ ಜೈಲಿತ್ತು. ಈ ಸಂಚಿಕೆ ಮಾಡ್ತಾ ಇರೋದಕ್ಕೆ ಅವನೇ ಕಾರಣ.

ಅವನು ನನ್ನ ಚಿಕ್ಕಪ್ಪನ ಮಗ. ಬೆಂಗಳೂರಲ್ಲಿ ಬಾಡಿಗೆ ಕೋಣೆ, ಸಣ್ಣ ಸಂಬಳ. ಚೌತಿಗೆ ಊರಿಗೆ ಬಂದವನು ರಾತ್ರಿ ಊಟ ಆದ್ಮೇಲೆ ಜಗಲಿಗೆ ಕರೆದು ಮೊಬೈಲ್ ತೋರಿಸಿದ. ಒಂದು ಪಟ್ಟಿ. ಒಳಗೆಲ್ಲ ಹೊಳೆಯೋ ಹಾಳೆ ಇರೋ ಟೆಂಟು, ಎರಡು ದೊಡ್ಡ ಲೈಟು, ಪಂಪು, ವಾಸನೆ ಹೀರೋ ಇದ್ದಿಲು ಫಿಲ್ಟರು, ಸೆಕೆಂಡ್ ಹ್ಯಾಂಡ್ ಏಸಿ. ಕೆಳಗೆ ಒಟ್ಟು: ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ.

"ಇಷ್ಟೆಲ್ಲ ಹಾಕಿ ಎಂತಾ ಬೆಳೀತೆ ಮಾರಾಯಾ, ಕೊತ್ತಂಬರಿಯಾ?" ಅಂದೆ.

ಅವನು ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ, "ಅಣ್ಣ, ಕೊತ್ತಂಬರಿಗೆ ಯಾರು ಇಷ್ಟು ಖರ್ಚು ಮಾಡ್ತಾರೆ? ಗಾಂಜಾ" ಅಂದ.

ನಾನು ಬೈಲಿಲ್ಲ. ಬೈದಿದ್ರೆ ಮೊಬೈಲ್ ಜೇಬಿಗೆ ಹೋಗ್ತಿತ್ತು, ಪಟ್ಟಿ ಹಾಗೇ ಇರ್ತಿತ್ತು. ಅದರ ಬದಲು ಆಯಿಯ ಹಾಲಿನ ಲೆಕ್ಕದ ಪುಸ್ತಕ ತಂದು, ಅವನ ಪಟ್ಟಿಯಲ್ಲಿ ಇಲ್ಲದ ಸಾಲುಗಳನ್ನ ಬರೆಯೋಕೆ ಕೂತೆ.

ಮೊದಲ ಸಾಲು, ಕರೆಂಟು. ಅದನ್ನೇ ಅವನು ಬರೆದಿರಲಿಲ್ಲ! ಎರಡು ಲೈಟು ಸೇರಿ 600 ವ್ಯಾಟ್. ದಿನಕ್ಕೆ 14 ಗಂಟೆ ಉರಿಸಿದ್ರೆ 8.4 ಯೂನಿಟ್, ತಿಂಗಳಿಗೆ 252. ಏಸಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರ್ತಾರೆ. ಮಿತಿ ದಾಟಿದ್ರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಮ್ಮದೇ. ಕೋಣೆಯೊಳಗಿನ ಕೃಷಿಯಲ್ಲಿ ಸೂರ್ಯ ಪುಕ್ಕಟೆ ಅಲ್ಲ, ಮೀಟರ್ ಇಟ್ಕೊಂಡು ಬರ್ತಾನೆ.

ಎರಡನೇ ಸಾಲು, ವಕೀಲರ ಫೀಸು.

ಅವನು ನಕ್ಕ. ನಾನು ನಗಲಿಲ್ಲ. ನಿಮ್ಮಲ್ಲೂ ಕೆಲವರಿಗೆ ಅವನಿಗಿದ್ದ ತಪ್ಪು ಕಲ್ಪನೆಯೇ ಇರಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. "ಒಂದು ಕೇಜಿ ಒಳಗಿದ್ರೆ ಸಣ್ಣ ಕೇಸು, ಬೇಲ್ ಸಿಗುತ್ತೆ" ಅಂತ ಅವನ ಲೆಕ್ಕ. ಒಂದು ಕೇಜಿ ಅನ್ನೋದು ಗಾಂಜಾ ಇಟ್ಕೊಂಡು ಸಿಕ್ಕಿಬಿದ್ದಾಗ ನೋಡೋ 'ಸಣ್ಣ ಪ್ರಮಾಣ'ದ ಮಿತಿ. ಗಿಡ ಬೆಳೆಸೋದೇ ಬೇರೆ ಅಪರಾಧ. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್‌ ಪ್ರಕಾರ ಅದಕ್ಕೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಲ್ಲಿ ತೂಕದ ರಿಯಾಯಿತಿ ಇಲ್ಲ. ಕುಂಡದಲ್ಲಿ ಒಂದೇ ಗಿಡ ಇದ್ರೂ ಅದು ಬೆಳೆಸಿದ್ದೇ. ಮನೆ ಕೊಟ್ಟವರು ಗೊತ್ತಿದ್ದೂ ಬಿಟ್ಟಿದ್ರೆ 25ನೇ ಸೆಕ್ಷನ್‌ನಲ್ಲಿ ಅವರೂ ಸಿಕ್ಕಿಬೀಳ್ತಾರೆ. ರೂಮ್‌ಮೇಟ್‌ಗೆ ಗೊತ್ತಿದ್ರೆ ಅವನಿಗೂ ತಾಪತ್ರಯ.

"ಉತ್ತರಾಖಂಡದಲ್ಲಿ ಲೈಸೆನ್ಸ್ ಕೊಡ್ತಾರಂತಲ್ಲ ಅಣ್ಣ?"

ಕೊಡ್ತಾರೆ, 2018ರಿಂದ. ಆದ್ರೆ ಅದು ನಾರಿಗೆ, ಬೀಜಕ್ಕೆ ಬೆಳೆಯೋ ಕೈಗಾರಿಕಾ ಸೆಣಬಿಗೆ. ಅಮಲಿನ ಅಂಶ ಹೆಸರಿಗಷ್ಟೇ ಇರೋ ತಳಿ, ಸರ್ಕಾರದ ಆದೇಶ, ಪರವಾನಗಿ ಎಲ್ಲ ಬೇಕು. ಬಾಡಿಗೆ ಕೋಣೆಯ ಟೆಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಇದು ಎಲ್ಲೋ ದೂರದ ಕಥೆ ಅಲ್ಲ. 2021ರಲ್ಲಿ ಬಿಡದಿ ಹತ್ತಿರದ ವಿಲ್ಲಾ ಒಂದರಲ್ಲಿ ಹೀಗೇ ಲೈಟ್ ಹಾಕಿ ಬೆಳೆಸಿದ್ದನ್ನ ಬೆಂಗಳೂರಿನ ಸಿಸಿಬಿ ಪೊಲೀಸರು ಹಿಡಿದ್ರು. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆಸಿದ ಆರೋಪದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಅರೆಸ್ಟ್ ಆದ್ರು. ಡಾಕ್ಟರ್ ಆಗ್ಬೇಕಿದ್ದವರು. ಆ ಸುದ್ದಿ ಓದಿದಾಗ ನನ್ನ ತಲೆಗೆ ಬಂದದ್ದು ಗಿಡ ಅಲ್ಲ, ಫೀಸು ಕಟ್ಟಿದ ಅಪ್ಪ ಅಮ್ಮ.

ಅವನ ಮುಖ ಇಳೀತು. ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ಇದೇ ಸಾಮಾನಲ್ಲಿ ಕೊತ್ತಂಬರಿ ಬೆಳೀತೆ" ಅಂದ. ಅಲ್ಲೇ ಇನ್ನೊಂದು ಗುಂಡಿ ಇರೋದು. ಟೆಂಟು, ಭಾರಿ ಲೈಟು, ವಾಸನೆ ಫಿಲ್ಟರು ಅಂತ ಆನ್‌ಲೈನಲ್ಲಿ ಸಿಗೋ ಪಟ್ಟಿಗಳಲ್ಲಿ ಬಹಳಷ್ಟು ಆ ಒಂದು ಗಿಡದ ರೇಟು ನೋಡಿ ಹುಟ್ಟಿದಂಥವು. ಕೊತ್ತಂಬರಿ ವಾಸನೆಯನ್ನ ಯಾರಿಂದ ಮುಚ್ಚಿಡಬೇಕು ಹೇಳಿ? ಆ ಪಟ್ಟಿಯ ಬೆಳೆ ನಕಲು ಮಾಡಿದ್ರೆ ಜೈಲು, ಸಾಮಾನು ನಕಲು ಮಾಡಿದ್ರೆ ಸಾಲ. ನಮ್ಮ ಬೆಳೆ ಯಾವುದು, ಅದಕ್ಕೆ ಎಷ್ಟು ಬೆಲೆ ಸಿಗುತ್ತೆ ಅನ್ನೋದ್ರಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕ್ಬೇಕು.

ನಾನು ಕೊತ್ತಂಬರಿ ಯಾಕೆ ಆರಿಸಿದೆ ಅಂದ್ರೆ, ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊರಗೆ ಕೊತ್ತಂಬರಿ ಹಾಕಿದ್ರೆ ಕೊಳೀತದೆ. ಬೇಸಿಗೆಯಲ್ಲಿ ಹಾಲಕ್ಕಿ ಹೆಂಗಸರು ತರೋ ಹರಿವೆ, ಮೂಲಂಗಿ ಎಲ್ಲ ಚೆಂದ. ಆದ್ರೆ ಮಳೆಗಾಲದ ಕೊತ್ತಂಬರಿ ಹುಬ್ಬಳ್ಳಿ ಕಡೆಯಿಂದ ಘಾಟಿ ಇಳಿದು ಬರ್ಬೇಕು, ಬರೋಷ್ಟ್ರಲ್ಲಿ ಅರ್ಧ ಕಪ್ಪಾಗಿರುತ್ತೆ. 2024ರ ಜುಲೈ 16ಕ್ಕೆ ನಮ್ಮದೇ ತಾಲ್ಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ, ನಾವು ರಸ್ತೆಯನ್ನ ಎಷ್ಟು ನಂಬ್ಕೊಂಡಿದ್ದೀವಿ ಅಂತ ಎಲ್ಲರಿಗೂ ಗೊತ್ತಾಯ್ತು.

ಈಗ ನನ್ನ ಸೋಲು. ಮೊದಲ ಸಲ ಏಪ್ರಿಲ್‌ನಲ್ಲಿ ಶುರು ಮಾಡಿದ್ದೆ. ಬಾವಿ ನೀರು, ಪ್ಯಾಕೆಟ್ ಮೇಲೆ ಬರೆದಷ್ಟೇ ಗೊಬ್ಬರ, ಎಲ್ಲ ಸರಿ. ಹತ್ತೇ ದಿನಕ್ಕೆ ಎಲೆ ತುದಿ ಸುಟ್ಟಂಗಾಯ್ತು. ಗೊಬ್ಬರ ಕಮ್ಮಿ ಆಯ್ತೇನೋ ಅಂತ ಇನ್ನಷ್ಟು ಹಾಕಿದೆ. ಮೂರನೇ ವಾರಕ್ಕೆ ಎಲ್ಲ ಮಲಗಿತು. ಆಮೇಲೆ 250 ರೂಪಾಯಿಯ ಟಿಡಿಎಸ್ ಮೀಟರ್ ತಂದು ಬರೀ ಬಾವಿ ನೀರಿಗೆ ಅದ್ದಿದೆ. 720 ತೋರಿಸ್ತು.

ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿದ ಲವಣಗಳ ಅಂದಾಜು. ಮೀಟರ್ ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತಷ್ಟೇ ನೋಡೋದು. ಅದು ಗೊಬ್ಬರವೋ ಉಪ್ಪೋ ಅಂತ ಅದಕ್ಕೆ ತಿಳಿಯಲ್ಲ. ಕೊತ್ತಂಬರಿಯಂಥ ಸೊಪ್ಪಿಗೆ ಗೊಬ್ಬರ ಸೇರಿ 600ರಿಂದ 800 ಇದ್ರೆ ಸಾಕು. ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಬಾವಿ ನೀರು ಇಳಿದ ಹಾಗೆ ಉಪ್ಪು ಏರುತ್ತೆ. ನಾನು ಒಂದು ಚಮಚ ಗೊಬ್ಬರ ಹಾಕೋ ಮೊದಲೇ ಗಿಡದ ತಟ್ಟೆ ತುಂಬಿತ್ತು, ಅದೂ ಉಪ್ಪಿಂದ. ಅದರ ಮೇಲೆ ಗೊಬ್ಬರ ಸುರಿದದ್ದಕ್ಕೆ ಬೇರು ನೀರನ್ನೇ ಎಳ್ಕೊಳ್ಳೋಕಾಗ್ಲಿಲ್ಲ. ಕತೆ ಕೇಳಿ ಆಯಿ ಹೇಳಿದ್ದು ಒಂದೇ ಮಾತು: "ಚಾ ಉಪ್ಪುಪ್ಪು ಆಗ್ತದೆ ಅಂತ ನಾ ಒಂದು ತಿಂಗಳಿಂದ ಹೇಳ್ತಾ ಇದ್ದೆ, ನೀ ಕೇಳಿದ್ಯಾ?"

ಜೂನ್ ಬಂತು. ಮಾಡಿನ ನೀರನ್ನ ಹಂಡೆಗೆ ಹಿಡಿದು ಅಳೆದೆ. 24! ಇದಕ್ಕಿಂತ ಒಳ್ಳೆ ನೀರು ದುಡ್ಡು ಕೊಟ್ರೂ ಸಿಗಲ್ಲ. ಮೊದಲ ಒಂದೆರಡು ಮಳೆಯ ನೀರು ಬಿಟ್ಟುಬಿಡಿ, ಮಾಡಿನ ಕೊಳೆ ಹೋಗ್ಲಿ. ಒಂದು ಎಚ್ಚರಿಕೆ: ಮಳೆ ನೀರಿನ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ಬೇಗ ಏರಿಳಿಯುತ್ತೆ. 5.5ರಿಂದ 6.5ರ ನಡುವೆ ಇರ್ಬೇಕು. ಎರಡು ದಿನಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡೋ ಕಿಟ್ ಸಾಕು.

ಪಂಪ್ ಇರೋ ಪೈಪಿನ ಸೆಟ್ ತಗೋಬೇಡಿ ಅಂತ ನನ್ನ ಸಲಹೆ. ಫೋಟೋದಲ್ಲಿ ಚೆಂದ ಕಾಣುತ್ತೆ ನಿಜ. ಆದ್ರೆ ಮಳೆಗಾಲದಲ್ಲಿ ತಂತಿ ಮೇಲೆ ಒಂದು ಮರ ಬಿದ್ರೆ ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತೆ ಅನ್ನೋದು ದೇವರಿಗೇ ಗೊತ್ತು. ಪಂಪ್ ನಿಂತು ಕೆಲವೇ ಗಂಟೆಗೆ ತೆಳು ನೀರಲ್ಲಿರೋ ಬೇರು ಒಣಗುತ್ತೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಜನಪ್ರಿಯ ಮಾಡಿದ ವಿಧಾನದಲ್ಲಿ ಪಂಪೇ ಇಲ್ಲ. ಡಬ್ಬಿಯಲ್ಲಿ ಗೊಬ್ಬರದ ನೀರು, ಮುಚ್ಚಳದಲ್ಲಿ ತೂತು, ತೂತಲ್ಲಿ ಜಾಲರಿ ಕುಂಡ. ಗಿಡ ನೀರು ಕುಡಿದ ಹಾಗೆ ಮಟ್ಟ ಇಳಿಯುತ್ತೆ, ಮೇಲೆ ಬಿಟ್ಟ ಜಾಗದಲ್ಲಿರೋ ಬೇರು ಗಾಳಿ ತಗೊಳ್ಳುತ್ತೆ. ಹಾಗಾಗಿ ನೀರು ಇಳೀತು ಅಂತ ಮತ್ತೆ ಕಂಠಮಟ್ಟ ತುಂಬಿಸ್ಬೇಡಿ. ಗಾಳಿಯ ಬೇರು ಮುಳುಗಿ ಗಿಡ ಉಸಿರುಕಟ್ಟುತ್ತೆ.

ಡಬ್ಬಿ ಎಲ್ಲಿಂದ? ಮೀನು ಪೇಟೆಯಿಂದ. ಐಸ್ ಹಾಕಿ ಮೀನು ಬರೋ ಥರ್ಮಾಕೋಲ್ ಪೆಟ್ಟಿಗೆ. ಅದರಲ್ಲಿ ನೀರು ಬೇಗ ಬಿಸಿ ಆಗಲ್ಲ, ನೀರು ಬಿಸಿ ಆದ್ರೆ ಬೇರು ಕೊಳೆಯುತ್ತೆ. ಸೋಪು ಹಾಕಿ ಮೂರು ಸಲ ತೊಳೆದು, ಬಿಸಿಲಿಗಿಟ್ಟು, ಒಳಗೆ ಕರಿ ಪ್ಲಾಸ್ಟಿಕ್ ಹಾಸಿ. ಬೆಳಕು ಒಳಗೆ ಹೋದ್ರೆ ಪಾಚಿ. ಮುಚ್ಚಳದ ಸಂದು ಟೇಪ್ ಹಾಕಿ ಮುಚ್ಚಿ, ಇಲ್ಲಾಂದ್ರೆ ಕೊತ್ತಂಬರಿ ಜೊತೆ ಡೆಂಗಿ ಸೊಳ್ಳೆಯನ್ನೂ ಸಾಕಿದಂಗಾಗುತ್ತೆ.

ನನಗೆ ಬಿದ್ದ ಖರ್ಚು ಹೇಳಿಬಿಡ್ತೀನಿ. ಎರಡು ಪೆಟ್ಟಿಗೆ 100 ರೂಪಾಯಿ, ಪ್ಲಾಸ್ಟಿಕ್ ಹಾಳೆ 60, ಜಾಲರಿ ಕುಂಡ 24ಕ್ಕೆ 144, ತೆಂಗಿನ ನಾರಿನ ಪುಡಿ 40, ಎ ಮತ್ತು ಬಿ ಅಂತ ಎರಡು ಬಾಟಲಿಯಲ್ಲಿ ಬರೋ ಗೊಬ್ಬರ 450, ಟಿಡಿಎಸ್ ಮೀಟರ್ 250, ಪಿಎಚ್ ಕಿಟ್ 200. 20 ವ್ಯಾಟಿನ ನಾಲ್ಕು ಬಿಳಿ ಎಲ್‌ಇಡಿ ಟ್ಯೂಬು 880, ಟೈಮರ್ 450, ವೈರು ಬೋರ್ಡು 250, ಬೀಜ 30. ಒಟ್ಟು 2,854. ಇದರ ಮೇಲೆ ಎಂಟುನೂರು ಚಿಲ್ಲರೆ 'ಸೋಲಿನ ದುಡ್ಡು' ಅಂತ ಎತ್ತಿಟ್ಕೊಳ್ಳಿ. ಮೊದಲ ಬೆಳೆ ಹೋದ್ರೆ ಎರಡನೇ ಸಲದ ಗೊಬ್ಬರ, ಬೀಜಕ್ಕೆ. ವೈರಿಂಗ್ ಮಾತ್ರ ಗೊತ್ತಿದ್ದವರ ಕೈಲಿ ಮಾಡಿಸಿ. ಬೋರ್ಡು ನೀರಿಗಿಂತ ಮೇಲಿರ್ಬೇಕು, ಅರ್ಥಿಂಗ್ ಸರಿ ಇರ್ಬೇಕು. ಒದ್ದೆ ಕೈ, ಮಳೆಗಾಲ, ಕರೆಂಟು, ಮೂರೂ ಒಟ್ಟಿಗೆ ಬೇಡ.

ಇನ್ನು ಲಾಭ. ಇಲ್ಲಿ ಹೆಚ್ಚಿನ ವಿಡಿಯೋಗಳು ಮಾತು ತೇಲಿಸ್ತವೆ. 80 ವ್ಯಾಟ್, ದಿನಕ್ಕೆ 14 ಗಂಟೆ, 45 ದಿನ ಅಂದ್ರೆ ಸುಮಾರು 50 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಅಂತಿಟ್ಕೊಂಡ್ರೆ 300. ಗೊಬ್ಬರ, ಬೀಜ 60. ನನಗೆ ಸಿಕ್ಕ ಸೊಪ್ಪು 840 ಗ್ರಾಂ. ಅಂದ್ರೆ 100 ಗ್ರಾಂಗೆ 43 ರೂಪಾಯಿ! ಮಳೆಗಾಲದಲ್ಲೂ ನಮ್ಮ ಪೇಟೆಯಲ್ಲಿ ಅಷ್ಟು ಸೊಪ್ಪಿಗೆ ಇಪ್ಪತ್ತರಿಂದ ಮೂವತ್ತು. ಸಾಮಾನಿನ ದುಡ್ಡು ಲೆಕ್ಕಕ್ಕೇ ತಗೊಂಡಿಲ್ಲ.

ಹಾಗಾಗಿ ಮುಂದಿನ ಸುತ್ತಿಗೆ ಪೆಟ್ಟಿಗೆಗಳನ್ನ ಮಳೆ ಬೀಳದ ಜಗಲಿ ಕಿಟಕಿಗೆ ತಂದೆ. ಹಗಲು ಸಿಕ್ಕಷ್ಟು ಬೆಳಕು, ಟ್ಯೂಬು ಬರೀ ಆರು ಗಂಟೆ. 45 ದಿನಕ್ಕೆ 21.6 ಯೂನಿಟ್, ಸುಮಾರು 130 ರೂಪಾಯಿ. ಗಿಡ ಸ್ವಲ್ಪ ಉದ್ದುದ್ದ ಆಯ್ತು, ಸೊಪ್ಪು 700 ಗ್ರಾಂ. 100 ಗ್ರಾಂಗೆ 27. ಪೇಟೆ ದರಕ್ಕೆ ಬಂತು. ಲಾಭ ಇಲ್ಲ, ಆದ್ರೆ ಕೊಳೆತದ್ದು ಆರಿಸಿ ಬಿಸಾಡೋದೂ ಇಲ್ಲ. ಇದನ್ನೇ ಬಿಸಿನೆಸ್ ಮಾಡ್ಬೇಕು ಅನ್ನೋರು ಗೋಕರ್ಣದ ಕೆಫೆಗಳಿಗೆ ಲೆಟ್ಯೂಸ್, ತುಳಸಿ ಜಾತಿಯ ಬೇಸಿಲ್ ಕೊಡೋ ಯೋಚನೆ ಮಾಡ್ಬಹುದು. ಆದ್ರೆ ಮೊದಲು ಯಾರು ತಗೋತಾರೆ, ಎಷ್ಟಕ್ಕೆ ಅಂತ ಹೋಗಿ ಕೇಳಿ, ಆಮೇಲೆ ಟ್ಯೂಬ್ ಕೊಳ್ಳಿ.

ತಮ್ಮನ ಕಥೆಗೆ ಬರ್ತೀನಿ. ಆ ರಾತ್ರಿ ಪುಸ್ತಕದಲ್ಲಿ ಎರಡೂ ಪಟ್ಟಿ ಪಕ್ಕಪಕ್ಕ ಇದ್ವು. ಅವನು ಏನೂ ಹೇಳದೆ ಮಲಗೋಕೆ ಹೋದ. ಬೆಳಿಗ್ಗೆ ಎದ್ದು ನೋಡಿದ್ರೆ, ನನ್ನ ಮೀಟರ್ ಹಿಡ್ಕೊಂಡು ಬಾವಿ ಕಟ್ಟೆ ಮೇಲೆ ಕೂತಿದ್ದ. "ಅಣ್ಣ, ಈಗ ಬರೀ 90 ಇದೆ, ನೀ 720 ಅಂದಿದ್ದಿ?" ಮಳೆಗಾಲದಲ್ಲಿ ಹಾಗೇ, ಬಾವಿಯೂ ಸಿಹಿ ಆಗುತ್ತೆ ಅಂದೆ. ಹೋಗುವಾಗ ಒಂದು ಪೆಟ್ಟಿಗೆ, ಹನ್ನೆರಡು ಕುಂಡ ಕೊಟ್ಟು ಕಳಿಸಿದೆ. ಬೆಂಗಳೂರು ಬಸ್ಸಿನ ಕಂಡಕ್ಟರ್ ಥರ್ಮಾಕೋಲ್ ನೋಡಿದ್ದೇ ತಡ, "ಮೀನು ಒಳಗೆ ತರಂಗಿಲ್ಲ ನೋಡ್ರಿ" ಅಂತ ತಡೆದ್ರಂತೆ. ಮುಚ್ಚಳ ತೆಗೆದು ತೋರಿಸಿದ್ಮೇಲೆ ಬಿಟ್ರಂತೆ.

ನಿನ್ನೆ ಫೋಟೋ ಕಳಿಸಿದ್ದ. ಅವನ ಕೋಣೆಯ ಬೋರ್‌ವೆಲ್ ನೀರು, ಮೀಟರಲ್ಲಿ 640. ಕೆಳಗೆ, "ಈಗ ಎಂತಾ ಮಾಡೂದು?" ಅಂತ. ಕುಡಿಯೋ ಕ್ಯಾನ್ ನೀರಿನ ಟಿಡಿಎಸ್ ಅಳೆದು ನೋಡು, ಕಮ್ಮಿ ಇದ್ರೆ ಅದನ್ನೇ ಅರ್ಧಕ್ಕರ್ಧ ಬೆರೆಸು ಅಂತ ಬರೆದಿದ್ದೀನಿ. ಉತ್ತರ ಇನ್ನೂ ಬಂದಿಲ್ಲ.